ನಡುವಿನ ಹೆಸರು

ಜುಲೈ ಮುಗಿಯುವ ವಾರ. ಬೈತಕೋಲಿನ ದಕ್ಕೆಯಲ್ಲಿ
ಬೋಟುಗಳೆಲ್ಲ ಮೈ ಕೆರೆಸಿಕೊಂಡು ನನ್ನನ್ನೇ ಕಾಯುತ್ತಿವೆ.
ಸಮುದ್ರ ತೆರೆಯುವುದರೊಳಗೆ ಬರೆಯಬೇಕು ಹದಿನೇಳು ಹೆಸರು.
ಹದಿನಾರನ್ನು ಮಾಲಕರು ಚೀಟಿಯಲ್ಲಿ ಕೊಟ್ಟಿದ್ದಾರೆ.
ಹದಿನೇಳನೆಯದಕ್ಕೆ ಚೀಟಿ ಇಲ್ಲ.
ಅವಳಿಗೆ ಒಂಬತ್ತು ದಿನ. ಬಾರಸೆಗೆ ಇನ್ನು ಮೂರು.

ಸುಲಭ ಅಂದುಕೊಂಡಿದ್ದೆ. ಇಪ್ಪತ್ತು ವರ್ಷದಿಂದ
ಊರ ಹೆಣ್ಣುಮಕ್ಕಳನ್ನೆಲ್ಲ ಬೋಟಿನ ಮೂತಿಗೆ ಬರೆದವನು.
ಉಪ್ಪು ಮೊದಲು ತಿನ್ನುವುದು ಒತ್ತಕ್ಷರವನ್ನು, ಗೊತ್ತು ನನಗೆ.
ಎರಡನೇ ವರ್ಷಕ್ಕೆ ಐಶ್ವರ್ಯಾ
ಬರೀ ಐಶಯಾ ಆಗಿ ಬಂದರಿಗೆ ಬರುತ್ತಾಳೆ,
ತೃಪ್ತಿ ತಪಿ ಆಗುತ್ತಾಳೆ.
ನನ್ನ ಮಗಳ ಕಾಲಡಿಗೆ ಒತ್ತು ಬೇಡ.

ಅಮ್ಮನಿಗೆ ಓದು ಬಾರದು. ಅವಳ ಪರೀಕ್ಷೆಯೇ ಬೇರೆ.
ಮೀನು ಮಾರ್ಕೆಟ್ಟಿನಿಂದ ಬಂದವಳು ಬುಟ್ಟಿ ಇಳಿಸಿ
ಮನೆ ಹಿಂದಿನ ಕಲ್ಲುದಂಡೆಯ ಮೇಲೆ ನಿಂತು
ಒಂದೊಂದೇ ಹೆಸರು ಗಾಳಿಗೆ ಕೂಗಿ ನೋಡಿದಳು.
‘ಅನುಶ್ರೀ ದಂಡೆ ದಾಟಲಿಲ್ಲ. ಕೊನೆಗೊಂದು ಆ ಇರಲಿ,
ಬಾಯಿ ಪೂರ್ತಿ ತೆರೆಯುವಂಥದ್ದು.’
ನಿನ್ನದೇ ಇಡೋಣ, ಗೋದಾವರಿ, ಅಂದೆ.
‘ಇಟ್ಟೀಯ ಜೋಕೆ! ನಾನಿನ್ನೂ ಅದನ್ನು ಬಳಸ್ತಾ ಇದ್ದೇನೆ.’

ಇಳಾ ಸಿಕ್ಕಿದ್ದು ಡೀಸೆಲ್ ಬಿಲ್ಲಿನ ಹಿಂದೆ ಗೀಚುವಾಗ.
ಇ ಅಂದರೆ ಎರಡು ಕಣ್ಣಿನ ಏಡಿ.
ಳಾ, ಸುತ್ತಿಟ್ಟ ಹಗ್ಗ, ತುದಿಯೊಂದು ಹೊರಗೆ.
ಅರ್ಥ ಆಮೇಲೆ ಕೇಳಿದೆ, ನೆಲವಂತೆ.
ನಾಲ್ಕು ದಿನ ನೀರನ್ನೇ ನೋಡಿ ಮರಳುವವನಿಗೆ
ದೇವಗಡದ ದೀಪದ ಹಿಂದೆ ಕಪ್ಪಗೆ ಏಳುತ್ತದಲ್ಲ,
ಅದು.

ಅಮ್ಮ ಕೂಗಿದಳು: ಇಳಾ ಗೋ...
ದಂಡೆ ದಾಟಿತು. ಯಾರದೋ ನಾಯಿ ತಿರುಗಿ ನೋಡಿತು.

ಹೆಂಡತಿ ನಕ್ಕಳು, ಹೊಲಿಗೆ ಹಿಡಿದುಕೊಂಡು.
ಒಂದು ವರ್ಷ ಅಂಗನವಾಡಿ ನಡೆಸಿದವಳು ಅವಳು.
‘ಟೀಚರ್ ಹಾಜರಿ ಕರೀತಾರೆ, ಇಳಾ.
ಹಿಂದಿನ ಬೆಂಚು ಕೂಗ್ತದೆ, ಇಲ್ಲಾ!
ದಿನಾ ಬಂದರೂ ಬಂದ ಹಾಗಿಲ್ಲ ಪಾಪ.
ಜೊತೆಗೊಂದು ಹೆಸರಿರಲಿ, ಕೈ ಹಿಡಿದು ನಿಲ್ಲಿಸಲಿಕ್ಕೆ.’

ನಮ್ಮ ಕಡೆ ನಡುವಿನ ಜಾಗ ಅಪ್ಪನದು.
ನಗರಸಭೆಯ ಫಾರ್ಮು ಕೂಡ ಹಾಗೇ ಕೇಳುತ್ತದೆ.
ಹಳೇ ಹಲಗೆಯೊಂದಕ್ಕೆ ಬಿಳಿ ಬಳಿದು ಬರೆದೆ:
ಇಳಾ ಪುರುಷೋತ್ತಮ ತಾಂಡೇಲ.
ಎರಡಕ್ಷರದ ಹುಡುಗಿಯ ಪಕ್ಕ ಐದಕ್ಷರದ ಗಂಡಸು,
ಅದರಲ್ಲೂ ಒತ್ತು.
‘ನೀರಿಗಿಳಿಸಿದರೆ ಮಗುಚ್ತದೆ’ ಅಂದ ಬಣ್ಣ ಕಲಸುವ ಇನಾಸ.
‘ನಮ್ಮಲ್ಲಿ ಅಜ್ಜಿದು, ಸಂತಳದು, ದೇವಮಾತೆದು
ಸೇರಿಸಿ ನಾಲ್ಕು ಹೆಸರು ಇಡ್ತೇವೆ ಮಾರಾಯ,
ಸಾಯುವವರೆಗೆ ಕರೆಯುವುದು ಮಾತ್ರ ಬೇಬಿ.’

ಸೀಮೆಎಣ್ಣೆ ಬಟ್ಟೆಯಿಂದ ನನ್ನನ್ನು ಒರೆಸಿದೆ.
ನಡುವೆ ಖಾಲಿ ಉಳಿಯಿತು. ನೋಡುತ್ತಾ ಕೂತೆ.
ಬೋಟಿನಲ್ಲಿ ಎಂಜಿನ್ ಕೂರುವ ಜಾಗ ಅದು,
ಯಾರಿಗೂ ಕಾಣದೆ ಭಾರ ಹೊರುವ ಜಾಗ.
ಆಗ ಹೊಳೆಯಿತು ಅಂತ ಸುಳ್ಳು ಹೇಳಲಾರೆ,
ಕುಂಚದಲ್ಲಿ ನೀಲಿ ಉಳಿದಿತ್ತು, ಒಣಗುತ್ತಿತ್ತು,
ಕೈ ಬರೆಯಿತು: ಶೇವಂತಿ.

‘ಅಯ್ಯೋ ಬೇಡ್ರೀ! ಅದು ನನ್ನ ಅಜ್ಜಿ ಕಾಲದ ಹೆಸರು.
ಶಾಲೇಲಿ ಮೊಳಕ್ಕೆಷ್ಟು ಅಂತ ಕೇಳ್ತಿದ್ರು ನನ್ನ.’
ಮತ್ತೆ ಸುಮ್ಮನಾದಳು.
ರೇಶನ್ ಕಾರ್ಡಿನಲ್ಲಿ ಇದೆ ಆ ಹೆಸರು, ಇರುವೆಯಷ್ಟು.
ಆಸ್ಪತ್ರೆಯ ಮಣಿಕಟ್ಟಿನ ಪಟ್ಟಿಯಲ್ಲಿತ್ತು, ತಪ್ಪಾಗಿ.
ಊರಿಗೆಲ್ಲ ಬರೆದ ನಾನು, ಏಳು ವರ್ಷದಲ್ಲಿ,
ಇವಳನ್ನು ಒಮ್ಮೆಯೂ ಬರೆದಿರಲಿಲ್ಲ.

ತೊಟ್ಟಿಲ ಪಕ್ಕ ಹಲಗೆ ಗೋಡೆಗೊರಗಿದೆ.
ತುಂಬಾ ಹೊತ್ತು ನೋಡಿ ಅಂದಳು,
‘ಶೇಗೆ ದೀರ್ಘ ಸ್ವಲ್ಪ ಗಿಡ್ಡ ಆಯ್ತು.’
ಹಸಿ ಇದೆ, ಮುಟ್ಟಬೇಡ
ಅನ್ನುವುದರೊಳಗೆ ಮುಟ್ಟಿದಳು.
ಅದೇ ಬೆರಳಲ್ಲಿ ಮಗುವಿನ ಕಾಲುಚೀಲ ಸರಿಮಾಡಿದಳು.
ಹಿಮ್ಮಡಿಯ ಮೇಲೀಗ ಒಂದು ನೀಲಿ ಚುಕ್ಕೆ.
ಒಂಬತ್ತು ದಿನದ ಚರ್ಮ,
ಸೀಮೆಎಣ್ಣೆ ತಾಗಿಸುವಂತಿಲ್ಲ.